ಲೆಕ್ಕ ಕೈಗೆ ಸಿಗಲಿ: ವಿಶೇಷ ಅಗತ್ಯದ ಮಕ್ಕಳಿಗೆ ಯಾವ ಉಪಕರಣ?

ಜೂನ್ ಬಂತೆಂದರೆ ಮೈಸೂರಿನ ಪುಸ್ತಕದ ಅಂಗಡಿಗಳ ಮುಂದೆ ಬಣ್ಣಬಣ್ಣದ ಚಾರ್ಟುಗಳು ನೇತಾಡುತ್ತವೆ. ಒಂದರಿಂದ ನೂರು, ಮಗ್ಗಿ, ಹಣ್ಣುಗಳ ಜೊತೆ ಅಂಕಿಗಳು. ವಿಶೇಷ ಅಗತ್ಯದ ಮಗುವಿರುವ ಮನೆಯವರು ಅಲ್ಲಿ ನಿಂತು ಯೋಚಿಸುತ್ತಾರೆ. ಯಾವುದು ತಗೊಳ್ಳೋದು? ಚಾರ್ಟೋ, ಅಬಾಕಸ್ಸೋ, ಮರದ ಬ್ಲಾಕೋ, ಇಲ್ಲಾ ಮೊಬೈಲಿನಲ್ಲಿ ಒಂದು ಆ್ಯಪ್ ಸಾಕೋ? ಮಕ್ಕಳನ್ನು ನನ್ನ ಹತ್ತಿರ ಕರೆತರುವ ಅಪ್ಪ ಅಮ್ಮಂದಿರು ಇದನ್ನು ಕೇಳುತ್ತಲೇ ಇರುತ್ತಾರೆ. ಶಾಲೆಯ ಟೀಚರುಗಳೂ ಕೇಳುತ್ತಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಗು ತನ್ನ ಕೈಯಿಂದಲೇ ಜರುಗಿಸಬಹುದಾದ, ಐದು ಮತ್ತು ಹತ್ತರ ಗುಂಪು ಥಟ್ಟನೆ ಕಣ್ಣಿಗೆ ಕಾಣುವ ಸಾಮಾನು ಮೊದಲು. ಗೋಡೆಗೆ ಹಾಕುವ ಚಾರ್ಟು ಕೊನೆಗೆ. ಚೆಂದ, ಬೆಲೆ, ಬ್ರ್ಯಾಂಡ್ ಎಲ್ಲ ಆಮೇಲಿನ ಮಾತು.

ಐದು ಮಾವಿನಹಣ್ಣು ಕಣ್ಣಿಗೆ ಕಾಣುತ್ತದೆ, ಬರೀ ಐದು ಕಾಣುವುದಿಲ್ಲ. ಉಳಿದ ಮಕ್ಕಳು ಕೇಳಿ ಕೇಳಿ ಅದನ್ನು ಹಿಡಿದುಕೊಳ್ಳುತ್ತಾರೆ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಕೇಳಿದ್ದು ತಲೆಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದು ಎದ್ದು ಕಾಣುತ್ತದೆ. ಅವರಿಗೆ ಕೇಳಿದ್ದಕ್ಕಿಂತ ನೋಡಿದ್ದು ಚೆನ್ನಾಗಿ ನೆನಪಿರುತ್ತದೆ. "ಎಂಟಕ್ಕೆ ಐದು ಕೂಡಿಸು" ಅಂದರೆ, ಐದು ಕಿವಿಗೆ ಬೀಳುವಷ್ಟರಲ್ಲಿ ಎಂಟು ಮರೆತಿರುತ್ತದೆ. ಎಂಟು ಮುಚ್ಚಳ ಎದುರಿಗೇ ಇದ್ದರೆ ಮರೆಯುವ ಮಾತೇ ಇಲ್ಲ, ಅಲ್ವಾ?

ಮೊದಲು ಮಗು ಎಲ್ಲಿ ನಿಂತಿದೆ ನೋಡಿ

ಮಗುವಿನ ತೊಂದರೆಯ ಹೆಸರು ನೋಡಿ ಉಪಕರಣ ಕೊಳ್ಳಬೇಡಿ. ಆಟಿಸಂ ಇರುವ ಇಬ್ಬರು ಮಕ್ಕಳಿಗೆ ಬೇರೆ ಬೇರೆ ಸಾಮಾನು ಬೇಕಾಗಬಹುದು. ಲೆಕ್ಕದಲ್ಲಿ ಮಗು ಎಲ್ಲಿ ನಿಂತುಬಿಟ್ಟಿದೆ ಅನ್ನುವುದೇ ಮುಖ್ಯ. ಅದನ್ನು ಮನೆಯಲ್ಲೇ ಹತ್ತು ನಿಮಿಷದಲ್ಲಿ ತಿಳಿಯಬಹುದು.

ಮಗುವಿನ ಮುಂದೆ ಹತ್ತು ಬಾಟಲಿ ಮುಚ್ಚಳ ಇಟ್ಟು "ನಾಲ್ಕು ಕೊಡು ಕಂದ" ಅನ್ನಿ. ಇಪ್ಪತ್ತರವರೆಗೆ ಹಾಡಿನ ಹಾಗೆ ಹೇಳುವ ಮಗುವೇ ಹಿಡಿ ತುಂಬ ತೆಗೆದು ಕೊಡಬಹುದು. ಹಾಗಾದರೆ ಅದಕ್ಕೆ ಸಂಖ್ಯೆಗಳ ಹೆಸರು ಗೊತ್ತು, ಸಂಖ್ಯೆ ಇನ್ನೂ ಗೊತ್ತಿಲ್ಲ. ಇನ್ನೊಂದು ಮಗು ಒಂದೊಂದೇ ಮುಟ್ಟಿ ಆರರವರೆಗೆ ಸರಿಯಾಗಿ ಎಣಿಸುತ್ತದೆ. "ಒಟ್ಟು ಎಷ್ಟಾಯ್ತು?" ಅಂದರೆ ಮತ್ತೆ ಒಂದರಿಂದ ಶುರು ಮಾಡುತ್ತದೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನುವುದು ಅದಕ್ಕೆ ಹೊಳೆದಿಲ್ಲ. ಈ ಇಬ್ಬರಿಗೂ ಬಿಡಿ ಸಾಮಾನು ಮತ್ತು ಹತ್ತರ ಚೌಕಟ್ಟು ಬೇಕು (ಇಲ್ಲಿ ಹೆಸರಿಸುವ ಒಂದೊಂದು ಸಾಮಾನೂ ಏನು ಅಂತ ಮುಂದೆ ಬಿಡಿಸಿ ಹೇಳುತ್ತೇನೆ). ಆರಕ್ಕೆ ಮೂರು ಕೂಡಿಸಲು ಪ್ರತಿ ಸಲ ಒಂದರಿಂದ ಎಣಿಸುವ ಮಗುವಿಗೆ ಎರಡು ಸಾಲಿನ ಮಣಿ ಅಥವಾ ಸಂಖ್ಯೆಯ ದಾರಿ. 32ನ್ನು 23 ಅಂತ ಬರೆಯುವ, 32ರಲ್ಲಿ 7 ಕಳೆಯುವಾಗ ತಡವರಿಸುವ ಮಗುವಿಗೆ ಕಡ್ಡಿ ಕಟ್ಟು. ಅಂಗಡಿಯಲ್ಲಿ ಚಿಲ್ಲರೆ ತಿಳಿಯದ ಹದಿನಾಲ್ಕು ವರ್ಷದ ಹುಡುಗನಿಗೆ ನೋಟು, ನಾಣ್ಯ.

ಬೀಜ, ಮುಚ್ಚಳ, ಅಳಗುಳಿ ಮಣೆ

ಬಿಡಿ ಸಾಮಾನಿಗೆ ಖರ್ಚಿಲ್ಲ. ಹುಣಸೆ ಬೀಜ, ಬಾಟಲಿ ಮುಚ್ಚಳ, ಗುಂಡಿ, ಬಟ್ಟೆ ಕ್ಲಿಪ್ಪು, ಏನಾದರೂ ಆದೀತು. ಒಂದೇ ಮಾತು: ಎಲ್ಲವೂ ಒಂದೇ ಥರ ಇರಲಿ. ಆನೆ, ಕಾರು, ಗೊಂಬೆ ಕೊಟ್ಟರೆ ಮಗು ಆಟ ಆಡುತ್ತದೆ, ಎಣಿಸುವುದಿಲ್ಲ. ಬಣ್ಣವೂ ಒಂದೇ ಸಾಕು. ಮನುಷ್ಯರ ಚಿತ್ರದಿಂದ ಶುರು ಮಾಡಬೇಡಿ. ಎರಡು, ಮೂರು ಕಲಿಯುತ್ತಿರುವ ಮಗುವಿಗೆ ಅಲ್ಲಿ ಇಬ್ಬರು, ಮೂವರು ಅನ್ನಬೇಕಾಗುತ್ತದೆ. ಇನ್ನೊಂದು ಹೊರೆ ಯಾಕೆ?

ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಬೀಜ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಗಲವಾದ ಡಬ್ಬಿ ಮುಚ್ಚಳ ಕೊಡಿ. ಮತ್ತೆ, ಗುಲಗಂಜಿ ಮತ್ತು ಹರಳು ಬೀಜ ಎಷ್ಟೇ ಚೆಂದ ಕಂಡರೂ ಯಾವ ಮಗುವಿನ ಕೈಗೂ ಕೊಡಬೇಡಿ. ಎರಡೂ ವಿಷ. ಹಳೆಯ ಅಳಗುಳಿ ಮಣೆಗಳ ಜೊತೆ ಅಜ್ಜಿಯರು ಗುಲಗಂಜಿ ಇಟ್ಟಿರುತ್ತಾರೆ. ಅದನ್ನು ತೆಗೆದಿಟ್ಟು ಹುಣಸೆ ಬೀಜ ಹಾಕಿ.

ಅಳಗುಳಿ ಮಣೆಯನ್ನು ನಾನು ಮನಸಾರೆ ಹೇಳುತ್ತೇನೆ. ಎರಡು ಸಾಲಿನಲ್ಲಿ ಏಳೇಳು ಗುಳಿ. ಪ್ರತಿ ಗುಳಿಗೆ ಒಂದೊಂದೇ ಬೀಜ ಬಿಡುತ್ತಾ ಹೋಗಬೇಕು. ಎಣಿಸುವಾಗ ಒಂದನ್ನು ಎರಡು ಸಲ ಮುಟ್ಟುವ, ಒಂದನ್ನು ಬಿಟ್ಟು ಹಾರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ. ಆಟದ ನಿಯಮವೆಲ್ಲ ಕಲಿಸಬೇಕಿಲ್ಲ, ಬೀಜ ಹಂಚುತ್ತಾ ಹೋದರೆ ಸಾಕು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಇಂಥ ಹಳೆಯ ಮಣೆಯಾಟಗಳನ್ನು ಮತ್ತೆ ಮಾಡಿಸಿ ಜನರ ಮುಂದೆ ಇಡುತ್ತಾ ಬಂದಿದ್ದಾರೆ. ಚೌಕಾಬಾರ ಮಾತ್ರ ಈ ಹಂತಕ್ಕೆ ಬೇಡ. ಕವಡೆ ಎಲ್ಲ ಮಗುಚಿ ಬಿದ್ದರೆ ಎಂಟು ಅನ್ನುವುದು ಎಣಿಕೆ ಕಲಿಯುತ್ತಿರುವ ಮಗುವಿಗೆ ಗೊಂದಲ.

ಬಿಡಿ ಸಾಮಾನಿಗೆ ಒಂದು ಮಿತಿ ಇದೆ. ನೆಲದ ಮೇಲೆ ಚೆಲ್ಲಿದ ಏಳು ಬೀಜ ಏಳಾಗಿ ಕಾಣುವುದಿಲ್ಲ, ರಾಶಿಯಾಗಿ ಕಾಣುತ್ತದೆ. ನಾವೂ ಅಷ್ಟೇ, ಮೂರು ನಾಲ್ಕರವರೆಗೆ ನೋಡಿದ ಕೂಡಲೇ ಹೇಳುತ್ತೇವೆ, ಅದಕ್ಕಿಂತ ಜಾಸ್ತಿ ಆದರೆ ಎಣಿಸಲೇಬೇಕು. ಡಿಸ್‌ಕ್ಯಾಲ್ಕುಲಿಯಾ (ಸಂಖ್ಯೆ, ಲೆಕ್ಕ ಕಲಿಯುವುದರಲ್ಲೇ ಇರುವ ತೊಡಕು) ಇರುವ ಕೆಲವು ಮಕ್ಕಳಿಗೆ ಮೂರು ಕೂಡ ನೋಡಿದ ಕೂಡಲೇ ತಿಳಿಯುವುದಿಲ್ಲ. ಅದಕ್ಕೇ ಬೀಜಕ್ಕೆ ಒಂದು ಮನೆ ಬೇಕು.

ಹತ್ತರ ಚೌಕಟ್ಟೋ, ಎರಡು ಸಾಲಿನ ಮಣಿಯೋ

ಐದೈದು ಮನೆಯ ಎರಡು ಸಾಲು, ಅದೇ ಹತ್ತರ ಚೌಕಟ್ಟು. ಕೊಳ್ಳಬೇಕಾಗಿಲ್ಲ. ಮೂವತ್ತು ಮೊಟ್ಟೆಯ ಟ್ರೇ ನೋಡಿ: ಒಂದು ಕಡೆ ಐದು, ಇನ್ನೊಂದು ಕಡೆ ಆರು ಗುಂಡಿ. ಆರು ಇರುವ ಕಡೆಯಿಂದ ಎರಡೆರಡು ಸಾಲು ಕತ್ತರಿಸಿದರೆ ಸರಿಯಾಗಿ ಮೂರು ಚೌಕಟ್ಟು ಸಿಗುತ್ತದೆ. ಪ್ಲಾಸ್ಟಿಕ್ ಟ್ರೇ ಆದರೆ ಸೋಪು ಹಾಕಿ ತೊಳೆಯಬಹುದು. ರಟ್ಟಿನದಾದರೆ ಮೊಟ್ಟೆ ಒಡೆದು ಅಂಟದ ಹೊಸ ಟ್ರೇಯನ್ನೇ ಕೇಳಿ ತನ್ನಿ.

ಮೇಲಿನ ಸಾಲನ್ನು ಎಡಗಡೆಯಿಂದ ತುಂಬಬೇಕು, ಅದು ಮುಗಿದ ಮೇಲೆ ಕೆಳಗಿನ ಸಾಲು. ಈ ನಿಯಮ ಬದಲಿಸಬೇಡಿ. ಡೌನ್ ಸಿಂಡ್ರೋಮ್ ಇರುವ ಒಬ್ಬಳು ಹುಡುಗಿ ಏಳು ಮುಚ್ಚಳ ಇಟ್ಟಳು. ನಾನು "ಎಷ್ಟು?" ಅಂತ ಕೇಳಿದೆ. ಅವಳು ಮುಚ್ಚಳದ ಕಡೆ ನೋಡಲೇ ಇಲ್ಲ, ಖಾಲಿ ಗುಂಡಿಗಳ ಮೇಲೆ ಬೆರಳಿಟ್ಟು "ಮೂರು ಇಲ್ಲ ಮಿಸ್" ಅಂದಳು. ಏಳು ಮತ್ತು ಮೂರು ಸೇರಿ ಹತ್ತು ಅನ್ನುವುದನ್ನು ಯಾರೂ ಅವಳಿಗೆ ಬಾಯಿಪಾಠ ಮಾಡಿಸಿರಲಿಲ್ಲ. ಚೌಕಟ್ಟು ಮಾಡುವ ಕೆಲಸವೇ ಅದು. ಇದ್ದದ್ದನ್ನೂ ತೋರಿಸುತ್ತದೆ, ಇಲ್ಲದ್ದನ್ನೂ ತೋರಿಸುತ್ತದೆ.

ಎರಡು ಸಾಲಿನ ಮಣಿಯನ್ನು ರೂಪಿಸಿದವರು ನೆದರ್‌ಲೆಂಡ್ಸ್‌ನವರು. ಒಂದು ದಾರಕ್ಕೆ ಹತ್ತು ಮಣಿ: ಐದು ಕೆಂಪು, ಐದು ಬಿಳಿ. ಹಾಗೇ ಇನ್ನೊಂದು ದಾರ. ಚಪ್ಪಲಿ ಡಬ್ಬಿಯ ಮುಚ್ಚಳಕ್ಕೆ ತೂತು ಹಾಕಿ ಶೂ ಲೇಸಿನಲ್ಲಿ ಪೋಣಿಸಿದರೆ ಆಯಿತು. ಚನ್ನಪಟ್ಟಣದ ಅರಗು ಬಣ್ಣದ ಮರದ ಮಣಿ ಸಿಕ್ಕರೆ ಕೈಗೆ ಹಿತವಾಗಿರುತ್ತದೆ, ಬಾಳಿಕೆಯೂ ಜಾಸ್ತಿ. 8+6 ಹೀಗೆ ಮಾಡಿ. ಮೇಲಿನ ದಾರದಲ್ಲಿ ಎಂಟು ಜರುಗಿಸಿ, ಕೆಳಗೆ ಆರು. ಮೇಲೆ ಐದು ಕೆಂಪು, ಕೆಳಗೆ ಐದು ಕೆಂಪು, ಹತ್ತು ಆಯಿತು. ಉಳಿದ ಬಿಳಿ ಮೂರು ಮತ್ತು ಒಂದು. ಹದಿನಾಲ್ಕು. ಒಂದೊಂದೇ ಎಣಿಸಿಕೊಂಡು ಕೂರುವ ಮಗು ಅದನ್ನು ಬಿಟ್ಟು ಗುಂಪು ನೋಡಲು ಕಲಿಯುವುದು ಇಲ್ಲಿ. ಏಳು ಬೇಕೆಂದರೆ ಒಂದೇ ತಳ್ಳಿಗೆ ಏಳು ಜರುಗಿಸುವಂತೆ ಹೇಳಿ. ಒಂದೊಂದೇ ಮಣಿ ಜರುಗಿಸಲು ಬಿಟ್ಟರೆ ಪ್ರಯೋಜನ ಅರ್ಧ ಹೋಯಿತು.

ಎರಡರಲ್ಲಿ ಯಾವುದು? ಎಣಿಕೆಯೇ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಚೌಕಟ್ಟು. ಹತ್ತರೊಳಗೆ ಗಟ್ಟಿಯಾಗಿ, ಕೂಡುವ ಲೆಕ್ಕಕ್ಕೆ ಬಂದಿದ್ದರೆ ಮಣಿ. ಕೈ ನಡುಗುವ, ಸಾಮಾನು ಎಸೆಯುವ ಮಕ್ಕಳಿಗೂ ಮಣಿಯೇ ವಾಸಿ, ಬಿದ್ದು ಚೆಲ್ಲಾಪಿಲ್ಲಿ ಆಗುವುದಿಲ್ಲ. ಆದರೆ ಆಟಿಸಂ ಇರುವ ಕೆಲವು ಮಕ್ಕಳು ಮಣಿ ತಳ್ಳುವ ಸದ್ದಿನಲ್ಲೇ ಮುಳುಗಿಬಿಡುತ್ತಾರೆ. ಅದು ಅವರಿಗೆ ನೆಮ್ಮದಿ ಕೊಡುತ್ತದೆ, ತಪ್ಪೇನಿಲ್ಲ. ಆದರೆ ಲೆಕ್ಕಕ್ಕೆ ಬೇರೆ ಸಾಮಾನು ಇಟ್ಟುಕೊಳ್ಳಿ.

ಸಂಖ್ಯೆಯ ದಾರಿ

ಪುಸ್ತಕದಲ್ಲಿ ಬರುವ ಸಂಖ್ಯಾ ರೇಖೆ ನಮ್ಮ ಮಕ್ಕಳಿಗೆ ಕಷ್ಟ. ಗೆರೆಯ ಮೇಲಿನ ಗೀಟು ಎಣಿಸಬೇಕೋ, ನಡುವಿನ ಜಾಗ ಎಣಿಸಬೇಕೋ ತಿಳಿಯುವುದಿಲ್ಲ. ಅದರ ಬದಲು ಮನೆಗಳಿರುವ ದಾರಿ ಬರೆಯಿರಿ, ಒಂದೊಂದು ಮನೆಯಲ್ಲಿ ಒಂದೊಂದು ಅಂಕಿ. ಅಂಗಳದಲ್ಲಿ ಕುಂಟೆಬಿಲ್ಲೆಗೆ ಬರೆದ ಹಾಗೆ ಸೀಮೆಸುಣ್ಣದಲ್ಲಿ ಒಂದರಿಂದ ಹತ್ತರವರೆಗೆ ಎಳೆದರೆ ಮೈಯೆಲ್ಲ ಲೆಕ್ಕ ಕಲಿಯುತ್ತದೆ. ಒಂದು ಕಡೆ ಕೂರಲಾಗದ ಮಕ್ಕಳಿಗೆ ಇದು ವರ.

ಇಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ. 3+4 ಮಾಡುವಾಗ ಮಗು ಮೂರರ ಮನೆಯಲ್ಲಿ ನಿಂತು, ನಿಂತ ಮನೆಯನ್ನೇ "ಒಂದು" ಅಂತ ಎಣಿಸಿ ಆರಕ್ಕೆ ಬಂದು ನಿಲ್ಲುತ್ತದೆ. "ಹಾರಿದ ಮೇಲೆ ಎಣಿಸು" ಅಂತ ಪ್ರತಿ ಸಲ ಹೇಳಿ. ನಿಂತ ಮನೆಗೆ ಒಂದು ಕಲ್ಲು ಇಟ್ಟರೆ ಇನ್ನೂ ಸುಲಭ.

ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಬಡ ಮನೆಗಳ ಪುಟ್ಟ ಮಕ್ಕಳು ಒಂದರಿಂದ ಹತ್ತರ ನೇರ ದಾರಿಯ ಮಣೆಯಾಟ ಆಡಿದರು. ಒಟ್ಟು ಸುಮಾರು ಒಂದು ಗಂಟೆಯ ಆಟ, ಅಷ್ಟೇ. ಆ ಮಕ್ಕಳ ಸಂಖ್ಯೆಯ ತಿಳಿವು ಹೆಚ್ಚಿತು. ಅಂಕಿ ಇಲ್ಲದೆ ಬರೀ ಬಣ್ಣದ ಮನೆಗಳ ಮೇಲೆ ಆಡಿದವರಲ್ಲಿ ಹಾಗಾಗಲಿಲ್ಲ. ಅವರು ವಿಶೇಷ ಅಗತ್ಯದ ಮಕ್ಕಳಲ್ಲ, ನಿಜ. ಆದರೂ ಇಲ್ಲಿ ನಮಗೆ ಬೇಕಾದ ಎರಡು ಮಾತಿವೆ. ದಾರಿ ನೇರವಾಗಿರಲಿ. ಮಗು ಕಾಯಿ ನಡೆಸುವಾಗ ಮನೆಯಲ್ಲಿರುವ ಅಂಕಿಯನ್ನೇ ಹೇಳಲಿ. ಐದರಲ್ಲಿದ್ದು ಎರಡು ಬಿದ್ದರೆ "ಆರು, ಏಳು" ಅನ್ನಬೇಕು, "ಒಂದು, ಎರಡು" ಅಲ್ಲ. ಹಾವು ಏಣಿ ಆಟ ಒಂದು ಸಾಲಿನಲ್ಲಿ ಬಲಕ್ಕೆ, ಮುಂದಿನ ಸಾಲಿನಲ್ಲಿ ಎಡಕ್ಕೆ ತಿರುಗುತ್ತದೆ. ದೊಡ್ಡದು ಯಾವ ಕಡೆ ಅನ್ನುವುದೇ ಕಲಸಿಹೋಗುತ್ತದೆ. ಅದನ್ನು ಸಂತೋಷಕ್ಕೆ ಆಡಿ, ಲೆಕ್ಕ ಕಲಿಸಲು ಬೇಡ.

ಕಡ್ಡಿ ಕಟ್ಟು, ಬ್ಲಾಕು, ರಾಡು, ಅಬಾಕಸ್

ಬಿಡಿ ಮತ್ತು ಹತ್ತರ ಸ್ಥಾನ ಕಲಿಸುವ ಸಾಮಾನುಗಳಲ್ಲೇ ಜನ ಜಾಸ್ತಿ ದುಡ್ಡು ಸುರಿಯುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಐಸ್‌ಕ್ರೀಂ ಕಡ್ಡಿ ಅಥವಾ ತೆಂಗಿನ ಪೊರಕೆ ಕಡ್ಡಿಯನ್ನು ಒಂದೇ ಅಳತೆಗೆ ಕತ್ತರಿಸಿ, ಹತ್ತಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ. ಹಾಕುವುದು ಮಗುವೇ ಆಗಬೇಕು. ಬೆರಳಿಗೆ ಬಲ ಸಾಲದಿದ್ದರೆ ನೀವು ಕೈ ಕೊಡಿ, ಆದರೆ ಹತ್ತು ಎಣಿಸಿ ಕೂಡಿಸುವುದು ಮಗುವಿನ ಕೆಲಸ. ಈಗ 32ರಲ್ಲಿ 7 ಕಳೆಯೋಣ. ಮೂರು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಬೇಕು, ಎರಡೇ ಇವೆ. ಒಂದು ಕಟ್ಟು ಬಿಚ್ಚು. ಹನ್ನೆರಡು ಬಿಡಿ ಕಡ್ಡಿ ಆಯಿತು. ಏಳು ತೆಗೆ, ಐದು ಉಳಿಯಿತು. ಎರಡು ಕಟ್ಟು, ಐದು ಬಿಡಿ, ಇಪ್ಪತ್ತೈದು. ಸ್ಲೇಟಿನ ಮೇಲೆ "ಪಕ್ಕದ ಮನೆಯಿಂದ ಸಾಲ ತಗೋ" ಅಂತ ವರ್ಷಗಟ್ಟಲೆ ಹೇಳಿದರೂ ಹೊಳೆಯದ್ದು ರಬ್ಬರ್ ಬ್ಯಾಂಡ್ ಬಿಚ್ಚಿದಾಗ ಹೊಳೆಯುತ್ತದೆ. ಹತ್ತು ಎಲ್ಲಿಂದಲೋ ಬಂದದ್ದಲ್ಲ, ಆ ಕಟ್ಟಿನ ಒಳಗೇ ಇತ್ತು ಅಂತ ಮಗು ಕಣ್ಣಾರೆ ಕಾಣುತ್ತದೆ.

ಪ್ಲಾಸ್ಟಿಕ್ ಅಥವಾ ಮರದ ಹತ್ತರ ಬ್ಲಾಕಿನಲ್ಲಿ ಹತ್ತು ಚೂರು ಅಂಟಿಕೊಂಡೇ ಬಂದಿರುತ್ತದೆ. ಬಿಡಿಸಲು ಆಗುವುದಿಲ್ಲ. ಒಂದು ಪಟ್ಟಿ ಕೊಟ್ಟು ಹತ್ತು ಚೂರು ಬದಲಿಗೆ ತಗೊಳ್ಳಬೇಕು. ಕೊಟ್ಟು ತಗೊಳ್ಳುವ ಈ ವಹಿವಾಟು ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ತಿಳಿಯುವುದಿಲ್ಲ. ತನ್ನದನ್ನು ಕಿತ್ತುಕೊಂಡರು ಅಂತ ಅತ್ತ ಮಕ್ಕಳೂ ಇದ್ದಾರೆ. ಆದ್ದರಿಂದ ಬ್ಲಾಕು ಕಟ್ಟಿನ ನಂತರ. ನೂರು, ಸಾವಿರಕ್ಕೆ ಹೋಗುವಾಗ ಮಾತ್ರ ಬ್ಲಾಕೇ ಮೇಲು, ನೂರು ಕಡ್ಡಿಯ ಹೊರೆ ಹೊತ್ತು ತಿರುಗಲು ಆಗುವುದಿಲ್ಲ.

ಬಣ್ಣದ ರಾಡುಗಳನ್ನು ರೂಪಿಸಿದವರು ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಸೆನೇರ್. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಹತ್ತು ಉದ್ದ, ಹತ್ತು ಬಣ್ಣ. ಮೇಲೆ ಗೀಟು ಇಲ್ಲ, ಹಾಗಾಗಿ ಒಂದೊಂದೇ ಎಣಿಸಲು ಆಗುವುದೇ ಇಲ್ಲ. ಓದು ಬರಹ ಚೆನ್ನಾಗಿದ್ದು ಲೆಕ್ಕದಲ್ಲಿ ಮಾತ್ರ ಬೆರಳು ಬಿಡದ ಡಿಸ್‌ಕ್ಯಾಲ್ಕುಲಿಯಾ ಮಗುವಿಗೆ ಅದೇ ಒಳ್ಳೆಯದು. ಉಳಿದವರಿಗೆ ಯಾವ ಬಣ್ಣ ಎಷ್ಟು ಅಂತ ನೆನಪಿಡುವುದೇ ಇನ್ನೊಂದು ಪಾಠವಾಗುತ್ತದೆ.

ಕಡ್ಡಿಗೆ ಮಣಿ ಹಾಕುವ ಅಬಾಕಸ್ ಎಲ್ಲ ಶಾಲೆಯಲ್ಲೂ ಇರುತ್ತದೆ, ಅದಕ್ಕೇ ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. ಅದರಲ್ಲಿ ಹತ್ತರ ಮಣಿಯೂ ಬಿಡಿ ಮಣಿಯೂ ಒಂದೇ ಗಾತ್ರ. ಜಾಗ ಬದಲಾದರೆ ಬೆಲೆ ಬದಲಾಗುತ್ತದೆ ಅನ್ನುವುದು ಆಗಲೇ ತಿಳಿದ ಮಗುವಿಗೆ ಮಾತ್ರ ಅದು ಅರ್ಥವಾಗುತ್ತದೆ. ಬರೆಯುವ ಲೆಕ್ಕಕ್ಕೆ ಹೋಗುವ ಮುಂಚಿನ ಕೊನೆಯ ಮೆಟ್ಟಿಲಾಗಿ ಇಟ್ಟುಕೊಳ್ಳಿ. ಬಡಾವಣೆಗೊಂದರಂತೆ ಇರುವ ಅಬಾಕಸ್ ಕ್ಲಾಸುಗಳು ಕಲಿಸುವುದು ವೇಗದ ಲೆಕ್ಕ. ಎಣಿಕೆ ಗಟ್ಟಿಯಾಗದ ಮಗುವನ್ನು ಅಲ್ಲಿಗೆ ಸೇರಿಸಿ ನೋಯಿಸಬೇಡಿ.

ಚಾರ್ಟು, ಚುಕ್ಕೆ ಅಂಕಿ, ಮೊಬೈಲು

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶಿಶುವಿಹಾರದ ಮಕ್ಕಳಿಗೆ ಗೋಡೆ ತುಂಬ ಚಿತ್ರ ಹಾಕಿದ ಕೋಣೆಯಲ್ಲೂ ಖಾಲಿ ಗೋಡೆಯ ಕೋಣೆಯಲ್ಲೂ ಪಾಠ ಮಾಡಿದರು. ಚಿತ್ರ ತುಂಬಿದ ಕೋಣೆಯಲ್ಲಿ ಮಕ್ಕಳ ಗಮನ ಜಾಸ್ತಿ ಚದುರಿತು, ಕಲಿತದ್ದೂ ಕಮ್ಮಿ. ಸಾಮಾನ್ಯ ಮಕ್ಕಳಿಗೇ ಹೀಗಾದರೆ ಗಮನ ನಿಲ್ಲದ ನಮ್ಮ ಮಕ್ಕಳ ಗತಿ ಏನು? ಇವತ್ತಿನ ಪಾಠಕ್ಕೆ ಬೇಕಾದ ಒಂದು ಚಾರ್ಟು ಮಾತ್ರ ಕಣ್ಣಿನ ಮಟ್ಟದಲ್ಲಿರಲಿ. ಉಳಿದದ್ದನ್ನು ಸುತ್ತಿಡಿ.

ಚಿತ್ರ ನಿಜವಾಗಿ ಕೆಲಸಕ್ಕೆ ಬರುವುದು ಸಾಮಾನಿನಿಂದ ಬರವಣಿಗೆಗೆ ದಾಟುವಾಗ. ಕಡ್ಡಿ ಕಟ್ಟಿಗೆ ಬದಲು ಉದ್ದ ಗೆರೆ, ಬಿಡಿ ಕಡ್ಡಿಗೆ ಚುಕ್ಕೆ. ಮಗುವೇ ಬರೆಯಲಿ. ಮೂರು ಗೆರೆ, ಎರಡು ಚುಕ್ಕೆ, ಅದರ ಕೆಳಗೆ 32. ಕೈಯಿಂದ ಮಾಡುವುದು, ಚಿತ್ರ, ಆಮೇಲೆ ಅಂಕಿ. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ಈ ಮೂರು ಹಂತ ವಿಶೇಷ ಶಿಕ್ಷಣದಲ್ಲಿ ಇವತ್ತಿಗೂ ನಡೆಯುತ್ತದೆ. ಅವಸರ ಮಾಡಿದರೆ ಹೆಚ್ಚಾಗಿ ಕೆಡುವುದು ನಡುವಿನ ಹಂತ. ಕೆಲವು ದಿನ ಮೂರನ್ನೂ ಅಕ್ಕಪಕ್ಕ ಇಡಿ. ಆಮೇಲೆ ಚೌಕಟ್ಟಿನ ಮೇಲೆ ಬಟ್ಟೆ ಮುಚ್ಚಿ "ಒಳಗೆ ಏಳಿದೆ, ಎಷ್ಟು ಖಾಲಿ?" ಅಂತ ಕೇಳಿ. ಬಟ್ಟೆಯ ಅಡಿಯಲ್ಲಿ ಇರುವುದನ್ನು ಮಗು ಮನಸ್ಸಿನಲ್ಲೇ ನೋಡಲು ಶುರು ಮಾಡಿದರೆ, ಆ ಉಪಕರಣವನ್ನು ಬೀರುವಿನಲ್ಲಿ ಇಡುವ ಹೊತ್ತು ಬಂತು.

ಅಂಕಿಯ ಮೇಲೇ ಚುಕ್ಕೆ ಇಟ್ಟು, ಚುಕ್ಕೆ ಮುಟ್ಟಿ ಎಣಿಸಿ ಕೂಡುವ ಪದ್ಧತಿಯೂ ಇದೆ. ಉತ್ತರ ಬೇಗ ಸರಿಯಾಗುತ್ತದೆ, ಮಗುವಿಗೂ ಖುಷಿ. ಆದರೆ ಒಂದೊಂದೇ ಎಣಿಸುವುದು ತಪ್ಪುವುದಿಲ್ಲ, ಐದು ಹತ್ತರ ಗುಂಪು ಕಾಣುವುದೂ ಇಲ್ಲ. ಚಿಕ್ಕ ಮಕ್ಕಳಿಗೆ ನಾನು ಹೇಳುವುದಿಲ್ಲ. ಹನ್ನೆರಡು, ಹದಿಮೂರು ದಾಟಿ, ಬೇರೆಲ್ಲ ಹಿಡಿಸದೆ ಹೋದ ಮಗುವಿಗೆ ಇದು ಒಳ್ಳೆಯ ಊರುಗೋಲು.

ಮೊಬೈಲ್ ಆ್ಯಪಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೈಯಿಂದ ಕಲಿತದ್ದನ್ನು ಮತ್ತೆ ಮತ್ತೆ ಮಾಡಲು ಸರಿ. ಹೊಸದನ್ನು ಕಲಿಸಲು ಸಾಲದು. ಉತ್ತರ ತಪ್ಪಿದರೂ ಗಂಟೆ ಬಾರಿಸುವ, ನಕ್ಷತ್ರ ಹಾರಿಸುವ ಆ್ಯಪ್ ಬೇಡ. ಮಕ್ಕಳು ಆ ಸದ್ದು ಕೇಳಲೆಂದೇ ತಪ್ಪು ಒತ್ತುತ್ತಾರೆ.

ಮಗುವಿಗೆ ತಕ್ಕ ಹಾಗೆ ಹೊಂದಿಸುವುದು

ಮಂದದೃಷ್ಟಿ ಇರುವ ಮಗುವಿಗೆ ಹೊಳೆಯುವ ಲ್ಯಾಮಿನೇಷನ್ ಹಾಳೆ ಕೊಡಬೇಡಿ, ಬೆಳಕು ಬಿದ್ದು ಏನೂ ಕಾಣುವುದಿಲ್ಲ. ಕಪ್ಪು ಹಲಗೆಯ ಮೇಲೆ ಹಳದಿ ಮುಚ್ಚಳ ಎದ್ದು ಕಾಣುತ್ತದೆ. ಮೊಟ್ಟೆ ಟ್ರೇಯ ಗುಂಡಿ ಬೆರಳಿಗೂ ಸಿಗುತ್ತದೆ, ಹಾಗಾಗಿ ಪೂರ್ತಿ ಕಾಣದ ಮಕ್ಕಳಿಗೂ ಆಗುತ್ತದೆ. ದೊಡ್ಡ ಲೆಕ್ಕಕ್ಕೆ ಬಂದಾಗ ಅಂಧ ಮಕ್ಕಳಿಗೆ ಟೇಲರ್ ಫ್ರೇಮ್ ಇದೆ. ಎಂಟು ಮೂಲೆಯ ತೂತುಗಳಲ್ಲಿ ಲೋಹದ ಅಚ್ಚು ತಿರುಗಿಸಿ ಇಡುವ ಹಲಗೆ ಅದು. ಅದನ್ನು ಕಲಿಸಲು ತರಬೇತಿ ಬೇಕು, ಮನೆಯಲ್ಲೇ ಪ್ರಯತ್ನಿಸುವ ಬದಲು ಅಂಧ ಮಕ್ಕಳ ಶಾಲೆಯವರನ್ನು ಕೇಳಿ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು) ಇರುವ ಮಗುವಿಗೆ ಸ್ಟೀಲ್ ತಟ್ಟೆ ಮತ್ತು ಅಯಸ್ಕಾಂತದ ಗುಂಡಿ. ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ. ಕಾರ್ಡಿನ ಹಿಂದೆ ಸ್ಪಂಜು ಅಂಟಿಸಿದರೆ ಹಿಡಿಯಲು ಸಿಗುತ್ತದೆ. ಕೈ ಏಳುವುದೇ ಇಲ್ಲವಾದರೆ ಎರಡು ಚೌಕಟ್ಟು ಎದುರಿಗೆ ಹಿಡಿದು "ಏಳು ಯಾವುದು?" ಅನ್ನಿ. ಕಣ್ಣಿನಲ್ಲೇ ತೋರಿಸಿದರೂ ಅದು ಉತ್ತರವೇ. ಕೈ ಆಡದ ಮಗುವಿಗೆ ಲೆಕ್ಕ ಬರುವುದಿಲ್ಲ ಅಂತ ತೀರ್ಮಾನಿಸುವುದು ದೊಡ್ಡ ಅನ್ಯಾಯ.

ಕಿವಿ ಕೇಳದ ಮಕ್ಕಳಿಗೆ ಸಾಮಾನನ್ನೂ ನಿಮ್ಮ ಮುಖವನ್ನೂ ಒಟ್ಟಿಗೆ ನೋಡಲು ಆಗುವುದಿಲ್ಲ. ಮೊದಲು ಹೇಳಿ ಅಥವಾ ಸನ್ನೆ ಮಾಡಿ, ನಿಲ್ಲಿಸಿ, ಆಮೇಲೆ ಮಣಿ ಜರುಗಿಸಿ. ಮಾತು, ಕೇಳುವಿಕೆಯ ಬಗ್ಗೆ ಅನುಮಾನ ಇದ್ದರೆ ಮಾನಸ ಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಿಂದ ಇಲ್ಲೇ ಇರುವ ಸಂಸ್ಥೆ. ಲೆಕ್ಕ ಬರುತ್ತಿಲ್ಲ ಅಂತ ಕೊರಗುವ ಮೊದಲು ಮಗುವಿಗೆ ನಾವು ಹೇಳಿದ್ದು ಕೇಳಿಸುತ್ತಿದೆಯಾ ಅಂತ ಅಲ್ಲಿ ತೋರಿಸಿಕೊಂಡು ಬನ್ನಿ.

ಆಟಿಸಂ ಇರುವ ಮಗುವಿಗೆ ಎಷ್ಟು ಲೆಕ್ಕ ಬಾಕಿ ಇದೆ ಅನ್ನುವುದು ಕಾಣಬೇಕು. ಎಡಗಡೆ ಬುಟ್ಟಿಯಲ್ಲಿ ಐದು ಕಾರ್ಡು, ಮುಗಿದದ್ದು ಬಲಗಡೆ ಬುಟ್ಟಿಗೆ. ಎಡಗಡೆ ಖಾಲಿ ಆದರೆ ಲೆಕ್ಕ ಮುಗಿಯಿತು. ಸುಮ್ನೆ "ಇನ್ನು ಸ್ವಲ್ಪ" ಅನ್ನುವುದಕ್ಕಿಂತ ಇದು ಎಷ್ಟೋ ಮೇಲು.

ದುಡ್ಡಿನ ಲೆಕ್ಕ

ದೊಡ್ಡ ಮಕ್ಕಳಿಗೆ ಆಟದ ಪ್ಲಾಸ್ಟಿಕ್ ನಾಣ್ಯಕ್ಕಿಂತ ನಿಜವಾದ ದುಡ್ಡೇ ವಾಸಿ. ನಾಣ್ಯ ನಿಜಕ್ಕೂ ಗೊಂದಲ. ಒಂದು ಮತ್ತು ಎರಡು ರೂಪಾಯಿ ನೋಡಲು ಒಂದೇ ಥರ, ಗಾತ್ರ ನೋಡಿ ಬೆಲೆ ಹೇಳಲು ಬರುವುದಿಲ್ಲ. ನೋಟಿನಿಂದ ಶುರು ಮಾಡಿ. ಹೊಸ ನೋಟುಗಳಲ್ಲಿ ಹತ್ತು ಕಂದು, ಐವತ್ತು ನೀಲಿ, ನೂರು ತಿಳಿ ನೇರಳೆ, ಇನ್ನೂರು ಹಳದಿ. ಇಪ್ಪತ್ತರದ್ದು ಹಸಿರು ಹಳದಿ, ಅದಕ್ಕೂ ಇನ್ನೂರಕ್ಕೂ ಕೆಲವು ಮಕ್ಕಳು ತಡವರಿಸುತ್ತಾರೆ. ಅವೆರಡನ್ನು ಒಟ್ಟಿಗೆ ಕಲಿ‌ಸಬೇಡಿ.

ಚಿಲ್ಲರೆ ಲೆಕ್ಕ ಹಿಡಿಸದ ಮಗುವಿಗೆ "ಮುಂದಿನ ಹತ್ತು" ಕಲಿಸಿ. ಬಿಸ್ಕತ್ತಿಗೆ 34 ರೂಪಾಯಿ ಅಂದರೆ ಮೂರರ ಮುಂದಿನದು ನಾಲ್ಕು, ಹತ್ತರ ನಾಲ್ಕು ನೋಟು ಕೊಡು, ಚಿಲ್ಲರೆ ಈಸ್ಕೊ. ಇದಕ್ಕೆ ಬೇಕಾದದ್ದು ಒಂದೇ ಪಟ್ಟಿ: ಮೇಲೆ 10, 20, 30, 40, 50 ಬರೆದು, ಕೆಳಗೆ ಅಷ್ಟಷ್ಟು ಹತ್ತರ ನೋಟಿನ ಚಿತ್ರ ಅಂಟಿಸಿದ್ದು. ಪರ್ಸಿನಲ್ಲಿ ಮಡಚಿ ಇಡಬಹುದು. ಪಕ್ಕದ ಅಂಗಡಿಯ ಅಣ್ಣನಿಗೆ ಮೊದಲೇ ಒಂದು ಮಾತು ಹೇಳಿಟ್ಟು, ಜನ ಕಮ್ಮಿ ಇರುವ ಹೊತ್ತಿಗೆ ಕಳಿಸಿ. ಈಗ ಎಲ್ಲ ಕಡೆ ಸ್ಕ್ಯಾನ್ ಮಾಡಿ ಕೊಡುವುದೇ ಆಗಿದೆ. ಹಾಗಾಗಿ ಮೊಬೈಲ್ ಪರದೆಯ ಮೇಲೆ 34 ಮತ್ತು 340ರ ವ್ಯತ್ಯಾಸ ಕಾಣುವುದೂ ಈಗ ಇದೇ ಪಾಠದ ಭಾಗ. ಕಡ್ಡಿ ಕಟ್ಟಿನಲ್ಲಿ ಸ್ಥಾನಬೆಲೆ ಕಲಿತ ಮಗುವಿಗೆ ಅದು ಕಷ್ಟವಾಗುವುದಿಲ್ಲ.

ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು

ಒಂದನ್ನೇ ತಗೊಳ್ಳಬೇಕು ಅಂದರೆ ಎರಡು ಸಾಲಿನ ಮಣಿ ತಗೊಳ್ಳಿ. ಅದರ ಜೊತೆ ಮೊಟ್ಟೆ ಟ್ರೇ, ಕಡ್ಡಿ ಕಟ್ಟು ಮನೆಯಲ್ಲೇ ಮಾಡಿಕೊಂಡರೆ ನೂರರವರೆಗಿನ ಲೆಕ್ಕಕ್ಕೆ ಬೇರೇನೂ ಬೇಡ. ಮಣಿ, ರಬ್ಬರ್ ಬ್ಯಾಂಡು, ಐಸ್‌ಕ್ರೀಂ ಕಡ್ಡಿ ಎಲ್ಲ ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತಮುತ್ತ, ಮಂಡ್ಯದ ಪೇಟೆ ಬೀದಿಯಲ್ಲಿ ಸಿಗುತ್ತದೆ. ಹೊರದೇಶದ ಸೆಟ್ಟುಗಳಿಗೆ ಸಾವಿರಾರು ರೂಪಾಯಿ ಕೊಡುವ ಅಗತ್ಯ ನನಗೆ ಕಂಡಿಲ್ಲ.

ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಮೊದಲು ಶಾಲೆಯ ಬೀರು ತೆಗೆಸಿ ನೋಡಿ. ಗಣಿತ ಕಲಿಕಾ ಆಂದೋಲನದ ಕಿಟ್ಟಿನಲ್ಲಿ ಹತ್ತರ ಬ್ಲಾಕು, ಅಬಾಕಸ್, ಆಟದ ನೋಟು ನಾಣ್ಯ ಎಲ್ಲ ಇರುತ್ತದೆ. ಅದು ನಾಲ್ಕು, ಐದನೇ ತರಗತಿಗೆ ಅಂತ ಬಂದದ್ದಾದರೂ ಯಾವ ತರಗತಿಯ ಮಗುವಾದರೂ ಬಳಸಬಹುದು. ನಲಿ-ಕಲಿ ತರಗತಿ ಆದರೆ ಇನ್ನೂ ಅನುಕೂಲ. 1995ರಲ್ಲಿ ನಮ್ಮ ಎಚ್.ಡಿ. ಕೋಟೆಯಲ್ಲೇ ಶುರುವಾದ ಪದ್ಧತಿ ಅದು. ಪ್ರತಿ ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ ಹೋಗುತ್ತದೆ. ನಮ್ಮ ಮಗುವಿಗೆ ಅದೇ ಕಾರ್ಡಿನ ಪಕ್ಕ ಚೌಕಟ್ಟು ಇಟ್ಟರೆ ಸಾಕು, ಬೇರೆ ಮೂಲೆಯಲ್ಲಿ ಕೂರಿಸಬೇಕಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಪ್ರಮಾಣಪತ್ರ ಇರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕೆಯ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕು. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಈ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ವ್ಯವಸ್ಥೆಯೂ ಅವರ ಮೂಲಕವೇ ನಡೆಯುತ್ತದೆ. ಹೋಗುವಾಗ ಮಗುವಿನ ಯುಡಿಐಡಿ ಕಾರ್ಡಿನ (ಅಂಗವೈಕಲ್ಯದ ಗುರುತಿನ ಚೀಟಿ) ಜೆರಾಕ್ಸ್ ಇಟ್ಟುಕೊಳ್ಳಿ. "ಲೆಕ್ಕಕ್ಕೆ ಏನಾದರೂ ಕೊಡಿ" ಅನ್ನಬೇಡಿ. "ನನ್ನ ಮಗಳು ಹತ್ತರೊಳಗೆ ಎಣಿಸುತ್ತಾಳೆ, ಕೂಡಲು ಬರುವುದಿಲ್ಲ, ಎರಡು ಸಾಲಿನ ಮಣಿ ಬೇಕು" ಅಂತ ಅರ್ಜಿಯಲ್ಲಿ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.